ಬಸ್ಸಿನಿಂದ ಇಳಿದ ಗಂಡಭೇರುಂಡ

ನಮ್ಮಲ್ಲಿ ಹೆಚ್ಚಿನವರು ಗಂಡಭೇರುಂಡವನ್ನು ಮೊದಲು ನೋಡಿದ್ದು ಗುಡಿಯಲ್ಲಲ್ಲ, ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ. ಇಲ್ಲವೇ ಸರ್ಕಾರಿ ಪತ್ರದ ತಲೆಯಲ್ಲಿರುವ ಲಾಂಛನದಲ್ಲಿ. ಎರಡು ತಲೆ, ಎರಡು ರೆಕ್ಕೆ, ಎಡಕ್ಕೂ ಬಲಕ್ಕೂ ಒಂದೇ ಅಳತೆ. ಅದು ಎಲ್ಲಿ ನಿಂತಿದೆ, ಎಷ್ಟು ದೊಡ್ಡದು, ಏನು ತಿನ್ನುತ್ತದೆ ಎಂದು ಯಾರೂ ಕೇಳುವುದಿಲ್ಲ. ಲಾಂಛನಕ್ಕೆ ಆ ಪ್ರಶ್ನೆಗಳು ಬೇಕಿಲ್ಲ, ಚಿತ್ರಕ್ಕೆ ಬೇಕು.

ಈ ಮಾತು ಎದ್ದದ್ದು ರಾಯಚೂರಿನಿಂದ ಇಲ್ಲಿಗೆ ಓದಲು ಬಂದ ಹುಡುಗಿಯೊಬ್ಬಳು ನಮ್ಮ ಬಳಗದ ರಾಜ್ಯೋತ್ಸವ ಆಹ್ವಾನ ಪತ್ರಿಕೆಗೆಂದು ಟ್ಯಾಬ್‌ನಲ್ಲಿ ಬಿಡಿಸಿದ ಚಿತ್ರದಿಂದ. ಅವಳ ಮೊದಲ ಡಿಜಿಟಲ್ ಚಿತ್ರ. ಹಿಂದೆ ಹಿಮದ ಬೆಟ್ಟ, ಪೈನ್ ಮರ, ನೇರಳೆ ಮಂಜು. ಮುಂದೆ ಗಂಡಭೇರುಂಡ, ಬೇರೆಲ್ಲಿಂದಲೋ ಕತ್ತರಿಸಿ ಅಂಟಿಸಿದ ಹಾಗೆ. “ಗರಿಗಳಿಗೆ ಇನ್ನಷ್ಟು ಡೀಟೇಲ್ ಕೊಡಮ್ಮ” ಎಂದರು ಬಳಗದ ಹಿರಿಯರು. ಒಂದು ವಾರ ಗರಿ ಗರಿ ಬಿಡಿಸಿದಳು. ಹಕ್ಕಿ ಮಾತ್ರ ಅಲುಗಲಿಲ್ಲ. “ಬಿಡಿ ಅಂಕಲ್, ಲಾಂಛನವನ್ನೇ ಹಾಕಿಬಿಡಿ” ಎಂದು ಕೈಚೆಲ್ಲಿದಳು.

ಆ ಹಿಮ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಭಾನುವಾರ ಅಬಿಡ್ಸ್‌ಗೆ ಹೋದರೆ ಅಂಗಡಿಗಳ ಷಟರ್ ಎಳೆದಿರುತ್ತದೆ, ಫುಟ್‌ಪಾತಿನ ತುಂಬ ಹಳೆ ಪುಸ್ತಕ. ಅದರಲ್ಲಿ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳದ್ದೇ ಒಂದು ರಾಶಿ. ಮುಖಪುಟಗಳಲ್ಲಿ ಡ್ರ್ಯಾಗನ್, ಕೋಟೆ, ಹಿಮ. ಅವಳ ಹಾಸ್ಟೆಲ್ ಕಪಾಟೂ ಅಲ್ಲಿಂದಲೇ ತುಂಬಿದ್ದು. ಅಬಿಡ್ಸ್ ಎಂಬ ಹೆಸರೇ ಹೊರಗಿನದು: ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆರ್ಮೇನಿಯನ್ ಆಲ್ಬರ್ಟ್ ಅಬಿದ್ ಇಲ್ಲಿ ಅಂಗಡಿ ತೆರೆದ, ಅವನ ಹೆಸರು ಬಡಾವಣೆಗೇ ಅಂಟಿತು. ಅಂಥ ಜಾಗದಲ್ಲಿ ನಿಂತು, ನಾನೂ ವಲಸಿಗನೇ ಆಗಿ, ಹಿಮ ಹೊರಗಿನದು ಎಂದು ತಕರಾರು ತೆಗೆಯುವುದು ಸರಿಯಲ್ಲ. ನನ್ನ ತಕರಾರು ಬೇರೆ. ಹಕ್ಕಿಯ ಮೇಲೆ ಬಿದ್ದ ಬೆಳಕು ಬೆಟ್ಟದ ಮೇಲೆ ಬಿದ್ದಿಲ್ಲ, ಹಕ್ಕಿಯ ಕಾಲು ನೆಲವನ್ನು ಮುಟ್ಟಿಲ್ಲ.

ಲಾಂಛನವಾಗುವ ಮೊದಲು ನಮ್ಮ ಶಿಲ್ಪಿಗಳು ಇದನ್ನು ಹೇಗೆ ನಿಲ್ಲಿಸಿದರು? ಬಳ್ಳಿಗಾವೆಯಲ್ಲಿ ಬನವಾಸಿಯ ಚಾವುಂಡರಾಯ 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿರುವ ಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಗೊತ್ತಿರುವ ಮೈಗೆ ಗೊತ್ತಿಲ್ಲದ ತಲೆ.

ನನಗೆ ಇದಕ್ಕಿಂತ ದೊಡ್ಡ ಪಾಠವೆನಿಸಿದ್ದು ಬೇಲೂರಿನದು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪನೆ ಮಾಡಿಸಿದ ಚೆನ್ನಕೇಶವ ಗುಡಿಯಲ್ಲಿ ಒಂದು ಶಿಲ್ಪವಿದೆ. ಇಲಿಯನ್ನು ಹಾವು ನುಂಗುತ್ತಿದೆ. ಹಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ ಬಿದ್ದಿದೆ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಪಕ್ಕದಲ್ಲಿ ಇದನ್ನೆಲ್ಲ ನೋಡಿ ಬೆರಗಾದ ಒಬ್ಬ ಋಷಿ. ಇಲಿ ಎಷ್ಟಿರುತ್ತದೆಂದು ನಮಗೆ ಗೊತ್ತು, ಆನೆ ಎಷ್ಟಿರುತ್ತದೆಂದೂ ಗೊತ್ತು. ಗೊತ್ತಿರುವ ಮೆಟ್ಟಿಲುಗಳನ್ನು ಹತ್ತಿಸಿಕೊಂಡು ಹೋಗಿ ಶಿಲ್ಪಿ ನಮ್ಮನ್ನು ಗೊತ್ತಿಲ್ಲದ ಪ್ರಾಣಿಯ ಮುಂದೆ ನಿಲ್ಲಿಸುತ್ತಾನೆ. ಋಷಿ ನಮ್ಮ ಪರವಾಗಿ ಅಲ್ಲಿದ್ದಾನೆ. ಗರಿಯ ಡೀಟೇಲಿನಿಂದ ಆಗುವ ಕೆಲಸ ಇದಲ್ಲ.

ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯ ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟದು. ಅದರಲ್ಲೂ ಭೇರುಂಡ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಹಿಡಿದಿದೆ. ಇಂದಿನ ಲಾಂಛನದಲ್ಲಿ ಆನೆಗಳು ಹಾರಿಹೋಗಿವೆ, ಅವುಗಳ ಜೊತೆ ಹಕ್ಕಿಯ ಅಳತೆಯೂ ಹೋಯಿತು. ನಾನು ಪ್ರಾಜೆಕ್ಟ್ ಪ್ಲಾನ್ ಮಾಡುವವನು, ಲೆಕ್ಕ ಹಾಕದೆ ಇರಲಾಗಲಿಲ್ಲ. ಆನೆಯ ಬೆನ್ನನ್ನು ಹಿಡಿಯಲು ಪಾದ ಮೂರು ಮೀಟರಾದರೂ ಅಗಲಬೇಕು. ಪಾದ ಮೈಯುದ್ದದ ಆರರಲ್ಲೊಂದು ಎಂದಿಟ್ಟುಕೊಂಡರೆ ಹಕ್ಕಿಯ ಉದ್ದ 18 ಮೀಟರು. ಆರು ಅಂತಸ್ತಿನ ಕಟ್ಟಡ! ಹುಡುಗಿಯ ಚಿತ್ರದಲ್ಲಿ ಅದು ಪೈನ್ ಮರದ ಪಕ್ಕ ನವಿಲಿನಂತೆ ನಿಂತಿತ್ತು.

ಇನ್ನು ಹಿನ್ನೆಲೆ. ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಬಿಜಾಪುರದ ಒಂದು ಚಿತ್ರವಿದೆ, 17ನೇ ಶತಮಾನದ ಆರಂಭದ್ದು. ಕೈಯಲ್ಲಿ ಮೈನಾ ಹಿಡಿದ ಯೋಗಿನಿ. ಅವಳ ಪಕ್ಕದಲ್ಲಿ ಅಸಾಧ್ಯವಾದ ದೊಡ್ಡ ಹೂಗಳು, ಬಹು ದೂರದಲ್ಲಿ ಪುಟ್ಟದಾದ ಬಿಳಿ ಅರಮನೆ. ವಾಸ್ತವದ ಅಳತೆಯಲ್ಲಿ ಯಾವುದೂ ಸರಿಯಿಲ್ಲ. ಆದರೂ ನಂಬುತ್ತೇವೆ, ಏಕೆಂದರೆ ಹತ್ತಿರದ್ದು ಗಾಢ, ದೂರದ್ದು ತಿಳಿ. ಭೌತಶಾಸ್ತ್ರವೂ ಅದನ್ನೇ ಹೇಳುತ್ತದೆ: ನಡುವಿನ ಗಾಳಿ ಚದುರಿಸಿದ ಬೆಳಕು ಬೆರೆತು ದೂರದ ನೆರಳು ಕಪ್ಪಾಗಿ ಉಳಿಯುವುದಿಲ್ಲ. ಹುಡುಗಿಯ ಚಿತ್ರವನ್ನು ಕಪ್ಪು-ಬಿಳುಪಿಗೆ ಬದಲಿಸಿ ನೋಡಿದೆವು. ಬೆಟ್ಟ, ಮರ, ಹಕ್ಕಿ ಮೂರೂ ಒಂದೇ ಬೂದು. ಬಣ್ಣಗಳ ಆರ್ಭಟದಲ್ಲಿ ಅದು ಕಂಡಿರಲೇ ಇಲ್ಲ.

ಹಿಮವನ್ನು ತೆಗೆಯುವುದು ಅವಳದ್ದೇ ತೀರ್ಮಾನ. ಗೋಲ್ಕೊಂಡಕ್ಕೆ ಹೋಗಿ ಬಂದಳು. ಅಲ್ಲಿ ಬಾಲಾ ಹಿಸಾರ್ ದ್ವಾರದ ಮೇಲೆ ಯಾಳಿಗಳಿವೆ, ನವಿಲುಗಳಿವೆ. ಸುಲ್ತಾನರ ಕೋಟೆಯಲ್ಲಿ ಗುಡಿಯ ಪ್ರಾಣಿಗಳು ನಿಶ್ಚಿಂತೆಯಿಂದ ಕೂತಿವೆ. ಆದರೆ ಅವಳ ಕಣ್ಣು ಹೋದದ್ದು ಒಂದರ ಮೇಲೊಂದು ಬಿದ್ದ ಗ್ರಾನೈಟ್ ಗುಂಡುಗಳ ಮೇಲೆ. “ಇವು ನಮ್ಮೂರಿನ ಕಲ್ಲೇ ಅಂಕಲ್” ಎಂದಳು. ಹೌದು, ರಾಯಚೂರು, ಹಂಪಿ, ಹೈದರಾಬಾದ್ ಎಲ್ಲ ಕಡೆ ಇಂಥವೇ ಗುಂಡುಗಳು. ಗಡಿ ಎಳೆದವರನ್ನು ಅವು ಕೇಳಿಲ್ಲ.

ಈಗ ಹಕ್ಕಿ ಅಂಥ ಒಂದು ಬಂಡೆಯ ಮೇಲೆ ಕೂತಿದೆ. ಎಲ್ಲಾ ಲೇಯರ್‌ಗಳಿಗೂ ಒಂದೇ ದಿಕ್ಕಿನ ಸಂಜೆ ಬೆಳಕು. ಉಗುರಿನ ಕೆಳಗೆ, ಕಲ್ಲು ಮುಟ್ಟುವಲ್ಲಿ, ತೆಳ್ಳನೆಯ ಗಾಢ ನೆರಳು. ಇಡೀ ಚಿತ್ರದಲ್ಲಿ ಹೆಚ್ಚು ಕೆಲಸ ಮಾಡಿದ ಗೆರೆ ಅದೇ ಎಂದು ನನ್ನ ಅಭಿಪ್ರಾಯ. ಒಂದು ರೆಕ್ಕೆ ಮಡಚಿದೆ, ಇನ್ನೊಂದು ಅರ್ಧ ತೆರೆದಿದೆ, ಎಡ-ಬಲದ ಸಮತೆ ಹೋಯಿತು. ಅರ್ಧದಷ್ಟು ಗರಿಗಳನ್ನು ಅಳಿಸಿದ್ದಾಳೆ, ಹಿರಿಯರಿಗೆ ಇನ್ನೂ ಹೇಳಿಲ್ಲ. ಬೇಲೂರಿನ ಋಷಿಯ ಜಾಗದಲ್ಲಿ ಕಂಬಳಿ ಹೊದ್ದ ಕುರುಬನೊಬ್ಬನಿದ್ದಾನೆ, ಅಕ್ಕಿ ಕಾಳಿನಷ್ಟು. ಎರಡು ತಲೆಗಳಲ್ಲಿ ಯಾವುದು ಅವನನ್ನು ನೋಡಬೇಕೆಂದು ನಿನ್ನೆ ರಾತ್ರಿಯವರೆಗೂ ವಾಟ್ಸಾಪಿನಲ್ಲಿ ಚರ್ಚೆ ನಡೆದಿತ್ತು.