ನದಿಗೆ ವಯಸ್ಸು ಬಂದ ಕಥೆ

ಮಿರಜದಿಂದ ಬೆಳಗಾವಿಗೆ ರೈಲಿನಲ್ಲಿ ಹೋಗುವಾಗ ಕುಡಚಿಯ ಹತ್ತಿರ ಕೃಷ್ಣೆಯ ಸೇತುವೆ ಬರುತ್ತದೆ. ರಜೆಯಲ್ಲಿ ಊರಿಗೆ ಹೊರಟ ನಮ್ಮಂಥವರು ಅಲ್ಲಿ ಕೈಮುಗಿದು ಒಂದು ನಾಣ್ಯ ಎಸೆಯುವುದುಂಟು. ಕಿಟಕಿಯ ಪಕ್ಕದಲ್ಲಿ ಕುಳಿತ ಮಕ್ಕಳು ಮಾತ್ರ ಪಾಠ ನೆನೆದು, "ಈ ನದಿ ಯೌವನಾವಸ್ಥೆಯಲ್ಲಿದೆಯೋ, ವೃದ್ಧಾವಸ್ಥೆಯಲ್ಲಿದೆಯೋ?" ಎಂದು ಕೇಳುತ್ತಾರೆ. ಈ ಮೂರು ಅವಸ್ಥೆಗಳನ್ನು ನಾವೂ ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದವರೇ. ಆದರೆ ನದಿಗೆ ಈ ವಯಸ್ಸನ್ನು ಕೊಟ್ಟವರು ಯಾರೆಂದು ನಾವು ಕೇಳಿರಲಿಲ್ಲ.

ಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕ ವಿಲಿಯಂ ಮಾರಿಸ್ ಡೇವಿಸ್ (೧೮೫೦-೧೯೩೪). ಅವರ ಆರಂಭ ಆಶಾದಾಯಕವಾಗಿರಲಿಲ್ಲ. ಇಲ್ಲಿ ಬಡ್ತಿಯ ಭರವಸೆ ಕಡಿಮೆ ಎಂದು ವಿಶ್ವವಿದ್ಯಾಲಯದ ಅಧ್ಯಕ್ಷ ಎಲಿಯಟ್ ೧೮೮೨ರಲ್ಲಿ ಅವರಿಗೆ ತಿಳಿಸಿದ್ದರು. ಡೇವಿಸ್ ಧೃತಿಗೆಡಲಿಲ್ಲ. ೧೮೮೯ರಲ್ಲಿ ಪೆನ್ಸಿಲ್ವೇನಿಯದ ನದಿ, ಕಣಿವೆಗಳ ಕುರಿತು ಅವರು ಬರೆದ ಪ್ರಬಂಧ ಹೆಸರು ತಂದಿತು. ೧೮೯೯ರಲ್ಲಿ ಲಂಡನ್ನಿನ ಭೌಗೋಳಿಕ ಪತ್ರಿಕೆಯಲ್ಲಿ ಅವರ 'ಭೌಗೋಳಿಕ ಚಕ್ರ'ದ ಸಿದ್ಧಾಂತ ಪ್ರಕಟವಾಯಿತು. ನೆಲ ಮೇಲೆದ್ದು ನಿಂತ ಮೇಲೆ ನದಿಗಳು ಅದನ್ನು ಕೊರೆಯುತ್ತವೆ. ಕಣಿವೆ ಆಳವಾಗಿ, ಆಮೇಲೆ ಅಗಲವಾಗಿ, ಕೊನೆಗೆ ಇಡೀ ನಾಡು ಸವೆದು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ಯೌವನ, ಪ್ರೌಢಿಮೆ, ವೃದ್ಧಾಪ್ಯ ಎಂದರೆ ಇದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡೇವಿಸ್ ಹೇಳಿದ್ದು ಒಂದು ಪ್ರದೇಶಕ್ಕೆ ಬಹುದೀರ್ಘ ಕಾಲದಲ್ಲಿ ಬರುವ ವಯಸ್ಸು. ನಮ್ಮ ಶಾಲಾ ಪುಸ್ತಕಗಳು ಅದನ್ನು ಒಂದೇ ನದಿಯ ಉದ್ದಕ್ಕೆ ಹಾಸಿ, ಉಗಮದಲ್ಲಿ ತರುಣಿ, ಸಮುದ್ರದ ಬಳಿ ಮುದುಕಿ ಎಂದು ಮಾಡಿಬಿಟ್ಟವು. ಕಾಲದ ಮಾತು ದೂರದ ಮಾತಾಯಿತು.

ಈ ಸಿದ್ಧಾಂತ ಇಷ್ಟು ಬೇಗ ತರಗತಿಗಳನ್ನು ಗೆದ್ದದ್ದು ಹೇಗೆ? ಡೇವಿಸ್ ಅಸಾಧಾರಣ ಚಿತ್ರಗಾರರಾಗಿದ್ದರು. ನೆಲವನ್ನು ಮೈಸೂರುಪಾಕಿನಂತೆ ಚೌಕವಾಗಿ ಕತ್ತರಿಸಿ, ಮೇಲೆ ಬೆಟ್ಟ-ಕಣಿವೆ, ಪಕ್ಕದಲ್ಲಿ ಒಳಗಿನ ಶಿಲಾಪದರ, ಎರಡನ್ನೂ ಒಟ್ಟಿಗೆ ತೋರಿಸುವ ರೇಖಾಚಿತ್ರಗಳನ್ನು ಅವರು ಬರೆದರು. ಅಂಥ ಮೂರು ಚಿತ್ರ ಸಾಲಾಗಿ ಇಟ್ಟರೆ ಲಕ್ಷಾಂತರ ವರ್ಷಗಳ ಕಥೆ ಒಂದು ಗಂಟೆಯ ಪಾಠದಲ್ಲಿ ಮುಗಿಯುತ್ತದೆ. ಸೀಮೆಸುಣ್ಣವೊಂದಿದ್ದರೆ ಯಾವ ಬಡ ಕಾಲೇಜಿನಲ್ಲೂ ಕಲಿಸಬಹುದು. ಪ್ರಶ್ನೆಪತ್ರಿಕೆಗೂ ಅನುಕೂಲ! ಭಾರತದ ಪದವಿ ತರಗತಿಗಳ ಪಠ್ಯದಲ್ಲಿಯೂ ಅದು ಬೇರೂರಿತು.

ಅದೇ ಕಾಲದಲ್ಲಿ ಇನ್ನೊಬ್ಬರು ನದಿಯನ್ನು ಬೇರೆ ರೀತಿಯಲ್ಲಿ ನೋಡುತ್ತಿದ್ದರು. ಅವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಗ್ರೋವ್ ಕಾರ್ಲ್ ಗಿಲ್ಬರ್ಟ್ (೧೮೪೩-೧೯೧೮). ಕ್ಯಾಲಿಫೋರ್ನಿಯದಲ್ಲಿ ೧೮೫೩ರಿಂದ ಚಿನ್ನದಾಸೆಗೆ ಜನ ಒತ್ತಡದ ನೀರು ಹಾಯಿಸಿ ಗುಡ್ಡಗಳನ್ನೇ ಕರಗಿಸಿದ್ದರು. ಆ ಕಲ್ಲುಮಣ್ಣು ಹೊಳೆಗಳಿಗಿಳಿದು ಪಾತ್ರ ಮೇಲೇರಿತು. ಕೆಳಗಿನ ರೈತರ ಹೊಲಗಳು ಪ್ರವಾಹದಲ್ಲಿ ಹೂತುಹೋದವು. ೧೮೮೪ರಲ್ಲಿ ನ್ಯಾಯಾಲಯ ಈ ಹಾವಳಿಗೆ ತಡೆ ಹಾಕಿತು. ಆದರೆ ಹೊಳೆಗಿಳಿದ ಮಣ್ಣು ನ್ಯಾಯಾಲಯದ ಮಾತು ಕೇಳುವುದೇ?

ಅದು ಎಷ್ಟು, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಗಿಲ್ಬರ್ಟ್ ಬರ್ಕ್ಲಿಯಲ್ಲಿ ಹಲಗೆಯ ಕಾಲುವೆ ಕಟ್ಟಿಸಿ, ಮರಳು ಹಾಕಿ, ನೀರು ಹರಿಸಿದರು. ಇಳಿಜಾರು, ನೀರಿನ ಪ್ರಮಾಣ, ಕಣದ ಗಾತ್ರ, ಇವನ್ನು ಬದಲಾಯಿಸುತ್ತ ನೀರು ಹೊರುವ ಭಾರವನ್ನು ಅಳೆದರು. ಈ ಪ್ರಯೋಗಗಳ ವರದಿ ೧೯೧೪ರಲ್ಲಿಯೂ ಗಣಿಮಣ್ಣಿನ ವರದಿ ೧೯೧೭ರಲ್ಲಿಯೂ ಹೊರಬಂದವು. ಗಣಿಗಳಿಂದ ಕೊಚ್ಚಿಬಂದ ಮಣ್ಣು ಪನಾಮಾ ಕಾಲುವೆಗೆ ತೋಡಿದ್ದರ ಸುಮಾರು ಎಂಟರಷ್ಟು ಎಂದು ಅವರು ಲೆಕ್ಕ ಹಾಕಿದರು. ಗಣಿ ನಿಂತರೂ ಆ ಹೊರೆ ಅಲೆಯಂತೆ ವರ್ಷಾನುವರ್ಷ ಕೆಳಕ್ಕೆ ಸಾಗುತ್ತಲೇ ಇರುತ್ತದೆಂದು ತೋರಿಸಿದರು.

ಗಿಲ್ಬರ್ಟರ ಕಾಲುವೆ ಕರಿಹಲಗೆಯ ಮೇಲೆ ಹಿಡಿಸುವ ವಸ್ತುವಲ್ಲ. ಅದಕ್ಕೆ ನೀರು ಬೇಕು, ತಕ್ಕಡಿ ಬೇಕು, ತಾಳ್ಮೆ ಬೇಕು. ಆದ್ದರಿಂದ ಪಾಠಪುಸ್ತಕಗಳಲ್ಲಿ ಡೇವಿಸ್ ಉಳಿದರು, ಗಿಲ್ಬರ್ಟ್ ಹಿಂದೆ ಬಿದ್ದರು. ಸ್ವೀಡನ್ನಿನ ಹ್ಯುಲ್‌ಸ್ಟ್ರಮ್ ೧೯೩೫ರಲ್ಲಿ, ಗಟ್ಟಿಯಾಗಿ ಅಂಟಿಕೊಂಡ ನುಣ್ಣನೆಯ ಜೇಡಿಯನ್ನು ಎಬ್ಬಿಸಲು ಮರಳಿಗಿಂತ ವೇಗದ ನೀರು ಬೇಕೆಂದು ತೋರಿಸಿದರು. ಅಮೆರಿಕದಲ್ಲಿ ಹಾರ್ಟನ್ ೧೯೪೫ರಲ್ಲಿ, ಸ್ಟ್ರಾಲರ್ ೧೯೫೦ರ ದಶಕದಲ್ಲಿ ತೊರೆಗಳನ್ನು ಎಣಿಸಿ ಅಳೆಯುವ ಕ್ರಮ ತಂದರು. ಆಮೇಲೆಯೇ ವಿಶ್ವವಿದ್ಯಾಲಯಗಳು ಮೆಲ್ಲಗೆ ಗಿಲ್ಬರ್ಟರ ಕಡೆಗೆ ತಿರುಗಿದವು.

ಡೇವಿಸರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಬೆಟ್ಟವೂ ಶಾಶ್ವತವಲ್ಲ ಎಂಬ ದೊಡ್ಡ ಮಾತನ್ನು ಸಾಮಾನ್ಯ ವಿದ್ಯಾರ್ಥಿಗೆ ಮುಟ್ಟಿಸಿದ್ದು ಅವರ ಚಿತ್ರಗಳೇ. ತಮ್ಮ ಚಕ್ರಕ್ಕೆ ನಡುವೆ ಅಡ್ಡಿಗಳು ಬರುತ್ತವೆಂದು ಅವರೂ ಒಪ್ಪಿದ್ದರು. ಆದರೆ ಕಲಿಸುವ ಸಾಧನವೇ ಕಲಿಯುವವನ ಕಣ್ಣಾಗುತ್ತದೆ. ಮುದುಕಿಯಾದ ನದಿಯ ಚಿತ್ರದಲ್ಲಿ ಮನುಷ್ಯನಿಗೆ ಜಾಗವಿಲ್ಲ; ಎಲ್ಲವೂ ತನ್ನಷ್ಟಕ್ಕೆ ಆಗುವ ವಿಧಿ. ಹಲಗೆಯ ಕಾಲುವೆಯಲ್ಲಿಯಾದರೋ ಮೇಲೆ ಒಂದು ಹಿಡಿ ಮರಳು ಹಾಕಿದವನ ಕೈ ಕೆಳಗೆ ಕಾಣುತ್ತದೆ.

ಇಂದು ಸಾಧನಗಳಿಗೆ ಬರವಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ೨೦೦೮ರಿಂದ ಉಚಿತ. ನಮ್ಮ ಇಸ್ರೋದ 'ಭುವನ್' ೨೦೦೯ರಲ್ಲಿ ಬಂತು. ಅವೂ ಬೇಡವೆಂದರೆ ಹಳೆಯ ಅಗಲವಾದ ಟ್ರೇ ಒಂದರಲ್ಲಿ ಒದ್ದೆ ಮರಳು ಹರಡಿ, ಒಂದು ಬದಿಗೆ ಎರಡು ಪುಸ್ತಕಗಳ ಎತ್ತರ ಕೊಟ್ಟು, ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟರಾಯಿತು. ಫ್ಲಾಟಿನ ಬಾಲ್ಕನಿಯಲ್ಲಿಯೇ ಕಣಿವೆ ಕೊರೆಯುವುದನ್ನೂ ಕೆಳಗೆ ಮರಳು ಬೀಸಣಿಗೆಯಂತೆ ಹರಡುವುದನ್ನೂ ಮಕ್ಕಳು ಕಾಣುತ್ತಾರೆ. ನಡುವೆ ಒಂದು ಪಟ್ಟಿ ಅಡ್ಡ ಇಡಲಿ. ಮರಳೆಲ್ಲ ಅದರ ಹಿಂದೆ ನಿಲ್ಲುತ್ತದೆ. ಅಣೆಕಟ್ಟಿನ ಪಾಠ ಅದೇ.

ಮುಂದಿನ ಸಲ ಕುಡಚಿಯ ಸೇತುವೆ ಬಂದಾಗ ಕೃಷ್ಣೆಯ ವಯಸ್ಸು ಕೇಳುವುದು ಬೇಡ. ಈ ನೀರು ಏನನ್ನು ಹೊತ್ತಿದೆ, ಅದು ಯಾವ ಬೆಟ್ಟದ್ದು, ಎಲ್ಲಿ ತಡೆದು ನಿಂತಿದೆ, ಪಾತ್ರದ ಮರಳನ್ನು ಯಾರು ಒಯ್ದರು ಎಂದು ಕೇಳೋಣ. ಕೈಮುಗಿಯುವುದು ಹೇಗೂ ಇದ್ದೇ ಇದೆ.