ವಿದ್ಯಾರ್ಥಿ ಶಿಸ್ತು ಮತ್ತು ಅಹಿಂಸಾಣುವ್ರತ

ಜೈನ ಗುರುಕುಲ, ವಿದ್ಯಾರ್ಥಿನಿಲಯಗಳ ನಿಯಮಗಳಲ್ಲಿ ನಿತ್ಯ ಜಿನದರ್ಶನ, ಸೋಸಿದ ನೀರಿನ ಬಳಕೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಖ್ಯವಾದವು. ಸರಳ ಸಮವಸ್ತ್ರ ಬಡವ-ಬಲ್ಲಿದರ ಭೇದ ಮರೆಸುತ್ತದೆ.

ನಿಯಮ ತಪ್ಪಿದ ಮಕ್ಕಳನ್ನು ತಿದ್ದುವ ಕ್ರಮಕ್ಕೂ ಶಾಸ್ತ್ರದ ಮಿತಿಯಿದೆ. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಬಂಧ (ಕಟ್ಟಿಹಾಕುವುದು), ವಧ (ಹೊಡೆಯುವುದು), ಛೇದ (ಅಂಗ ಕತ್ತರಿಸುವುದು), ಅತಿಭಾರಾರೋಪಣ (ಮಿತಿಮೀರಿ ಹೊರೆ ಹೊರಿಸುವುದು), ಅನ್ನಪಾನನಿರೋಧ (ಅನ್ನ-ನೀರು ತಡೆಯುವುದು). ಹೀಗಾಗಿ ಬೆತ್ತದ ಏಟೂ ದೋಷವೇ. ಮಗು ತಾನಾಗಿ ಮಾಡಿದ ಉಪವಾಸ ತಪಸ್ಸು. ಶಿಕ್ಷೆಯಾಗಿ ಊಟ ತಪ್ಪಿಸಿದರೆ ಅದು ಅನ್ನಪಾನನಿರೋಧ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮೂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ತಪ್ಪನ್ನು ಗುರುಗಳ ಮುಂದೆ ಒಪ್ಪಿಕೊಳ್ಳುವ ಆಲೋಚನೆ, ತಪ್ಪಿನಿಂದ ಹಿಂದೆ ಸರಿಯುವ ಪ್ರತಿಕ್ರಮಣ ಇವೇ ಧರ್ಮ ತೋರುವ ತಿದ್ದುಪಡಿಯ ದಾರಿ.