ಕರ್ಸರ್ ಕಾಲಮಿತಿ

ಡೇಟಾಬೇಸ್ ತನ್ನ ಫಲಿತಾಂಶವನ್ನು ಕಂತುಕಂತಾಗಿ ಕೊಡುವಾಗ, ಮುಂದಿನ ಕಂತನ್ನು ಯಾರೂ ಕೇಳದೆ ಸುಮ್ಮನೆ ಉಳಿದ ಕರ್ಸರನ್ನು (ಓದು ಎಲ್ಲಿಗೆ ಬಂದಿದೆ ಎಂದು ಸರ್ವರ್ ಇಟ್ಟುಕೊಳ್ಳುವ ಗುರುತನ್ನು) ಸರ್ವರ್ ತಾನಾಗಿ ಮುಚ್ಚುವ ಅವಧಿ. ಕ್ವೆರಿ ಓಡಲು ಹಿಡಿಯುವ ಸಮಯ ಬೇರೆ, ಇದು ಬೇರೆ. ಎರಡನ್ನೂ ಬೆರೆಸಿಬಿಟ್ಟ ವಿವರಣೆಗಳು ಸಾಕಷ್ಟಿವೆ.

ಕರ್ಸರ್ 1970ರ ದಶಕದ ಐಬಿಎಂ ‘ಸಿಸ್ಟಮ್ ಆರ್’ನಷ್ಟು ಹಳೆಯದು; 1986ರ ಮೊದಲ ಎಸ್‌ಕ್ಯೂಎಲ್ ಮಾನಕದಲ್ಲೂ ಇದೆ. ಅಲ್ಲಿ ಅದರ ಆಯುಸ್ಸು ಸಾಮಾನ್ಯವಾಗಿ ಟ್ರಾನ್ಸಾಕ್ಷನ್ನಿನೊಂದಿಗೆ ಮುಗಿಯುತ್ತಿತ್ತು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ 2003ರ 7.4ನೇ ಆವೃತ್ತಿಯಲ್ಲಿ ‘ವಿತ್ ಹೋಲ್ಡ್’ ಮೂಲಕ ಈ ಕಟ್ಟನ್ನು ಸಡಿಲಿಸಿತು. ಒರಾಕಲ್‌ನ ಕುಖ್ಯಾತ ‘ಓಆರ್‌ಎ-01555’ ದೋಷಕ್ಕೆ ಕಾರಣ ಕಾಲಮಿತಿಯಲ್ಲ: ಕ್ವೆರಿಗೆ ಬೇಕಾದ ಹಳೆಯ ದತ್ತಾಂಶ ಅನ್‌ಡೂ ಜಾಗದಿಂದ ಅಳಿಸಿಹೋಗಿರುತ್ತದೆ, ಅಷ್ಟೆ.

ಗೊಂದಲ ಹೆಚ್ಚಿದ್ದು 2009ರಲ್ಲಿ ಹೊರಬಂದ ಮಾಂಗೋಡಿಬಿಯಲ್ಲಿ. ಇಲ್ಲಿ 10 ನಿಮಿಷ ಕೆಲಸವಿಲ್ಲದೆ ಉಳಿದ ಕರ್ಸರ್ ಸಾಯುತ್ತದೆ; 2021ರಿಂದ ಈಚೆಗೆ ಸೆಷನ್ನಿಗೆ (ಅದರ ಮಾತು ಮುಂದೆ ಬರುತ್ತದೆ) ಸೇರಿದ ಕರ್ಸರಿಗೆ ಮಾತ್ರ ಈ ಮಿತಿಯಿಲ್ಲ. ಆಮೇಲೆ ಕೇಳಿದವರಿಗೆ ಸಿಗುವುದು ‘ಕರ್ಸರ್ ನಾಟ್ ಫೌಂಡ್’. ಸರ್ವರ್ ಎಣಿಸುವುದು ಎರಡು ಬೇಡಿಕೆಗಳ ನಡುವಿನ ಬಿಡುವನ್ನು ಮಾತ್ರ. ಮೊದಲ ಕಂತಿನಲ್ಲಿ 101 ದಾಖಲೆ, ಮುಂದಿನವು 16 ಎಂಬಿವರೆಗೆ. ತಲಾ 1 ಕೆಬಿಯ ದಾಖಲೆಗಳಾದರೆ ಒಂದು ಕಂತಿಗೆ ಸುಮಾರು 16,000. ಒಂದೊಂದಕ್ಕೆ ಅಪ್ಲಿಕೇಶನ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ 800 ಸೆಕೆಂಡ್ ಬೇಕು. ಮಿತಿ 600. ಹಾಗಾಗಿ ಮೊದಲ ಕಂತು ಸಲೀಸಾಗಿ ಮುಗಿದು, ದೋಷ ನಡುವೆ ಎಲ್ಲೋ ಕಾಣಿಸಿಕೊಳ್ಳುತ್ತದೆ. ಕಂತನ್ನು 1,000ಕ್ಕೆ ಇಳಿಸಿದರೆ ಬಿಡುವು 50 ಸೆಕೆಂಡಿಗೆ ಬರುತ್ತದೆ. 2014ರ 2.6ರಲ್ಲಿ ಬಂದ ‘ಮ್ಯಾಕ್ಸ್‌ಟೈಮ್‌ಎಂಎಸ್’ ಇಲ್ಲಿ ನೆರವಿಗೆ ಬಾರದು. ಅದು ಸರ್ವರಿನ ದುಡಿಮೆಗೆ ಹಾಕಿದ ಮಿತಿ.

‘ನೋಕರ್ಸರ್‌ಟೈಮ್‌ಔಟ್’ ಹಾಕಿದರೆ ಕರ್ಸರ್ ಎಂದೆಂದೂ ಬದುಕುತ್ತದೆ ಎಂಬ ಸಲಹೆ ಇನ್ನೂ ಚಾಲ್ತಿಯಲ್ಲಿದೆ. 2017ರ ಕೊನೆಯಲ್ಲಿ ಬಂದ 3.6ರಿಂದ ಅದು ಅರ್ಧಸತ್ಯ. ಆ ಆವೃತ್ತಿ ಸೆಷನ್‌ಗಳನ್ನು, ಅಂದರೆ ಒಬ್ಬ ಬಳಕೆದಾರನ ಬೇಡಿಕೆಗಳನ್ನು ಒಟ್ಟಾಗಿ ಗುರುತಿಸುವ ವ್ಯವಸ್ಥೆಯನ್ನು, ತಂದಿತು. 30 ನಿಮಿಷ ಬಳಕೆಯಿಲ್ಲದ ಸೆಷನ್ ಮುಗಿದಾಗ ಅದರೊಳಗಿನ ಕರ್ಸರೂ ಹೋಗುತ್ತದೆ, ಆಯ್ಕೆ ಏನೇ ಇರಲಿ. ಡ್ರೈವರ್‌ಗಳು ಕೇಳದೆಯೇ ಸೆಷನ್ ತೆರೆಯುವುದರಿಂದ ಬಹಳ ಜನಕ್ಕೆ ಇದು ಗೊತ್ತಾಗಲೇ ಇಲ್ಲ. ಕರ್ಸರ್ ಉಳಿಯಬೇಕಾದರೆ ಸೆಷನ್ನನ್ನು ಸ್ವತಃ ತೆರೆದು, ‘ರಿಫ್ರೆಶ್‌ಸೆಷನ್ಸ್’ ಆಜ್ಞೆಯಿಂದ ಆಗಾಗ ನವೀಕರಿಸಬೇಕು. ಇನ್ನೊಂದೆಡೆ, ಮಿತಿಯಿಲ್ಲದ ಕರ್ಸರನ್ನು ಮುಚ್ಚಲು ಮರೆತರೆ ಅದು ಸರ್ವರಿನ ಸಂಪನ್ಮೂಲ ಹಿಡಿದುಕೊಂಡೇ ಇರುತ್ತದೆ.

ಈ ಯಾವ ಮಿತಿಯನ್ನೂ ನಂಬದ ವಿಧಾನ ಸರಳ: ದಾಖಲೆಗಳನ್ನು ಐಡಿ ಕ್ರಮದಲ್ಲಿ ಓದಿ, ಕೊನೆಯ ಐಡಿಯನ್ನು ಬರೆದಿಟ್ಟು, ಕರ್ಸರ್ ಹೋದರೆ ಅಲ್ಲಿಂದ ಹೊಸ ಕ್ವೆರಿ ಹಾಕುವುದು.